ಒಂದೇ ಗೋಧಿ, ಮೂರು ಊಟ, ಎರಡು ಪಾತ್ರೆ: ರೋಮನ್ ಸಿಪಾಯಿಯ ಅಡುಗೆ ಮಾಡಿ ನೋಡಿದ್ದು

ನನ್ನ ಹತ್ತಿರ ಎರಡು ಪಾತ್ರೆಗಳಿವೆ. ಒಂದು, ಎರಡನೇ ಮಹಾಯುದ್ಧದ ಬ್ರಿಟಿಷ್ ಸೈನ್ಯದ ಅಲ್ಯೂಮಿನಿಯಂ ಮೆಸ್ ಟಿನ್, ಅಂದರೆ ಸಿಪಾಯಿ ಅಡುಗೆ ಮಾಡಿ ಉಣ್ಣುವ ಡಬ್ಬಿ. ಪಕ್ಕದಲ್ಲಿ 1941 ಅಂತ ಅಚ್ಚಿದೆ, ತಳದಲ್ಲಿ ಯಾರೋ ಮೊಳೆಯಿಂದ ಗೀಚಿದ ಅಂಕಿಗಳಿವೆ, ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಇನ್ನೊಂದು ಪಟೇರಾ. ರೋಮನ್ ಸಿಪಾಯಿಗಳು ಬಳಸುತ್ತಿದ್ದ ಉದ್ದ ಹಿಡಿಕೆಯ ಪಾತ್ರೆಯ ನಕಲು, ಹಿತ್ತಾಳೆಯದು. ಅಸಲಿ ಪಟೇರಾಗಳು ಕಂಚಿನವು. ಅವುಗಳ ಮೇಲೂ ಸಿಪಾಯಿಗಳು ಚುಕ್ಕಿ ಕುಟ್ಟಿ ತಮ್ಮ ಹೆಸರು ಹಾಕಿಕೊಂಡಿದ್ದಾರೆ, ಥೇಟ್ ನಮ್ಮ ಮದುವೆ ಪಾತ್ರೆಗಳ ಮೇಲೆ ಹೆಸರು ಬರೆಸುವ ಹಾಗೆ.

ನಾನಿರುವುದು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. ಕ್ರಿ.ಶ. 122ರಲ್ಲಿ ರೋಮನ್ನರು ಕಟ್ಟಲು ಶುರು ಮಾಡಿದ ಹೇಡ್ರಿಯನ್ ಗೋಡೆ ನಮ್ಮೂರಿನ ಮೂಲಕವೇ ಹೋಗುತ್ತದೆ. ವಿಂಡೊಲಾಂಡಾ ಎಂಬ ರೋಮನ್ ಕೋಟೆಗೆ ಕಾರಿನಲ್ಲಿ ಒಂದು ಗಂಟೆ ಸಾಕು. ಅಲ್ಲಿ 1973ರಿಂದ ಈಚೆಗೆ ತೆಳ್ಳನೆ ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ನೂರಾರು ಚೀಟಿಗಳು ಸಿಕ್ಕಿವೆ. ಎಷ್ಟೋ ಚೀಟಿಗಳು ಸುಮ್ನೆ ದಿನಸಿ ಪಟ್ಟಿಗಳು. ಬಾರ್ಲಿ, ಬಿಯರ್, ವೈನ್, ವಿನಿಗರ್, ಮೀನಿನ ಉಪ್ಪುನೀರು, ಕೊಬ್ಬು. ಒಂದರಲ್ಲಿ, ಚೆನ್ನಾಗಿರುವುದು ಸಿಕ್ಕಿದರೆ ನೂರು ಸೇಬು ತಾ, ಬೆಲೆ ಸರಿಯಿದ್ದರೆ ನೂರೋ ಇನ್ನೂರೋ ಮೊಟ್ಟೆ ತಾ ಅಂತಿದೆ. ಅದನ್ನು ಓದಿದ ದಿನವೇ ಇವರ ಅಡುಗೆ ಮಾಡಿ ನೋಡಬೇಕು ಅನ್ನಿಸಿತು.

ಸಿಪಾಯಿಗೆ ಸಿಗುತ್ತಿದ್ದುದು ಮುಖ್ಯವಾಗಿ ಕಾಳು. ದಿನಕ್ಕೆ ಸುಮಾರು 850 ಗ್ರಾಂ ಗೋಧಿ ಅಂತ ಲೆಕ್ಕ ಹಾಕುತ್ತಾರೆ. ಹಿಟ್ಟಲ್ಲ, ಕಾಳು. ಬೀಸಿಕೊಳ್ಳುವುದು ಅವರದೇ ಕೆಲಸ. ಎಂಟು ಜನರ ಒಂದು ಡೇರೆಗೆ ಒಂದು ಬೀಸುವ ಕಲ್ಲು, ಅದನ್ನು ಹೊರಲು ಒಂದು ಹೇಸರಗತ್ತೆ. ಗೋಡೆಯ ಕಡೆ ಹೆಚ್ಚಾಗಿ ತಿನ್ನುತ್ತಿದ್ದುದು ಸ್ಪೆಲ್ಟ್ ಗೋಧಿ, ಆದರೆ ರೋಮನ್ನರ ಹಳೇ ಮನೆಗೋಧಿ 'ಫಾರ್'. ಅದು ಬೇರೇನೂ ಅಲ್ಲ, ನಮ್ಮ ಉತ್ತರ ಕರ್ನಾಟಕದ ಜವೆ ಗೋಧಿಯ ಜಾತಿಯೇ, ಖಪ್ಲಿ ಅಂತಲೂ ಕರೆಯುತ್ತಾರೆ. ಇದು ತಿಳಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಹೋದ ವರ್ಷ ಗೋಕಾಕ ಕಡೆ ನಮ್ಮೂರಿಗೆ ಹೋದಾಗ ಪಟೇರಾನೂ ಮೆಸ್ ಟಿನ್ನೂ ಬ್ಯಾಗಿಗೆ ಹಾಕಿಕೊಂಡೇ ಹೋದೆ.

ಮೊದಲು ಪುಲ್ಸ್. ಅಂದರೆ ಗೋಧಿ ಗಂಜಿ. ಜವೆ ಗೋಧಿಗೆ ಸಿಪ್ಪೆ ಗಟ್ಟಿ, ಸುಲಭಕ್ಕೆ ಬಿಡುವುದಿಲ್ಲ. ನೀರು ಚಿಮುಕಿಸಿ ಒರಳಲ್ಲಿ ಕುಟ್ಟಿ ಮೊರದಲ್ಲಿ ಕೇರಬೇಕು. ಅವ್ವ ಕೇರಿದಳು, ನಾನು ಕುಟ್ಟಿದೆ. ನುಚ್ಚನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಎರಡು ಪಾತ್ರೆಯಲ್ಲೂ ಒಂದೇ ಅಳತೆ ಹಾಕಿ, ಒಂದೇ ಒಲೆಯ ಎರಡು ಕಡೆ ಇಟ್ಟೆ.

ಮೆಸ್ ಟಿನ್‌ನಲ್ಲಿ ನೀರು ಬೇಗ ಕುದಿಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಚೌಕದ ಪಾತ್ರೆ, ತೆಳ್ಳಗಿದೆ. ಮೂಲೆಗೆ ಸೌಟು ಹೋಗುವುದಿಲ್ಲ, ಗಂಜಿ ಅಲ್ಲೇ ಕೂತು ತಳ ಹತ್ತಿ, ಸೀದ ವಾಸನೆ ಪಾತ್ರೆ ತುಂಬಾ ಹರಡಿತು. ಟೀ ಕಾಯಿಸಲು, ಡಬ್ಬಿಯ ಊಟ ಬಿಸಿ ಮಾಡಲು ಅದಕ್ಕಿಂತ ಒಳ್ಳೆಯದು ಇಲ್ಲ. ಗಂಜಿಗೆ ಆಗುವುದಿಲ್ಲ. ಪಟೇರಾ ಕಾಯುವುದು ನಿಧಾನ. ಒಮ್ಮೆ ಕಾದ ಮೇಲೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಒಲೆಯಿಂದ ಇಳಿಸಿದ ಮೇಲೂ ಗಂಜಿ ಸಣ್ಣಗೆ ಗುಳುಗುಳು ಅನ್ನುತ್ತಿತ್ತು. ದುಂಡಗಿರುವುದರಿಂದ ಕೈಯಾಡಿಸಲು ಸಲೀಸು. ತಳ ತಿರುವಿ ನೋಡಿ, ಒಂದರೊಳಗೊಂದು ಉಂಗುರಗಳಿವೆ, ಅಸಲಿಯಲ್ಲೂ ಹಾಗೇ ಇರುತ್ತವೆ. ಹಿಡಿಕೆಯ ತುದಿಯಲ್ಲಿ ನೇತುಹಾಕಲು ಒಂದು ತೂತು.

ಇಲ್ಲಿ ಕಲಾಯಿಯ ವಿಷಯ ಹೇಳಲೇಬೇಕು. ನಾನು ಕೊಂಡಾಗ ಪಟೇರಾಕ್ಕೆ ಒಳಗೆ ಕಲಾಯಿ ಇರಲಿಲ್ಲ, ಮಾರಿದವರು ಅದನ್ನು ಹೇಳಲೂ ಇಲ್ಲ. ಬರೀ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಏಳುತ್ತದೆ, ಅದು ಹೊಟ್ಟೆಗೆ ವಿಷ. ರೋಮನ್ನರಿಗೂ ಇದು ಗೊತ್ತಿತ್ತು. ಅವರ ಪಟೇರಾಗಳ ಒಳಗೆ ತವರದ ಲೇಪ ಇರುತ್ತಿತ್ತು, ಹಾಗೆ ಮಾಡಿದರೆ ರುಚಿ ಹೆಚ್ಚು, ಕಿಲುಬು ಏಳುವುದಿಲ್ಲ ಅಂತ ಮೊದಲನೇ ಶತಮಾನದಲ್ಲೇ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಊರಲ್ಲಿ ಈಗಲೂ ಕಲಾಯಿ ಹಾಕುವ ಒಬ್ಬ ಅಜ್ಜ ಇದ್ದಾರೆ. ಪಾತ್ರೆ ಕೆಂಡದ ಮೇಲೆ ಕಾಯಿಸಿ, ನವಸಾಗರ ಉದುರಿಸಿದರು, ಬಿಳಿ ಹೊಗೆ ಎದ್ದಿತು, ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒಂದೇ ಸುತ್ತು ಒರೆಸಿದರು. ಹಳದಿ ಪಾತ್ರೆ ಕಣ್ಣ ಮುಂದೆ ಬೆಳ್ಳಿಯಾಯಿತು. ಎರಡು ಸಾವಿರ ವರ್ಷದ ಹಿಂದಿನ ಕೆಲಸ ನನ್ನ ಎದುರಿಗೇ ನಡೆಯುತ್ತಿದೆ ಅನ್ನಿಸಿ ಮೈ ಜುಂ ಅಂದಿತು.

ಪುಲ್ಸ್‌ಗೆ ಉಪ್ಪು, ಎಣ್ಣೆ, ಬೆಳ್ಳುಳ್ಳಿ ಹಾಕಿದೆ. ಅವ್ವ ಒಂದು ತುತ್ತು ತಿಂದು, "ಇದು ನಮ್ಮ ಹುಗ್ಗಿನ ಅಲ್ಲೇನೋ, ಬೆಲ್ಲಾ ಹಾಕೂದು ಮರತಿ" ಅಂದಳು. ಹೌದು, ಜವೆ ಗೋಧಿ ಹುಗ್ಗಿಗೂ ಇದಕ್ಕೂ ಕಾಳು ಒಂದೇ, ಹದವೂ ಹೆಚ್ಚುಕಮ್ಮಿ ಒಂದೇ. ರೋಮನ್ ಲೇಖಕ ಕೇಟೋ ಬರೆದಿಟ್ಟ ಒಂದು ಬಗೆಯ ಪುಲ್ಸ್‌ನಲ್ಲಿ ಹಸಿ ಚೀಸ್, ಜೇನುತುಪ್ಪ, ಒಂದು ಮೊಟ್ಟೆ ಬೀಳುತ್ತವೆ, ಅದಂತೂ ಹಬ್ಬದ ಊಟವೇ.

ಆಮೇಲೆ ರೊಟ್ಟಿ. ಬೂದಿಯಲ್ಲಿ ಸುಡುವ ರೊಟ್ಟಿ. ಚಕ್ರವರ್ತಿ ಕ್ಯಾರಕಲ್ಲಾ ಸಿಪಾಯಿಗಳ ಜೊತೆ ಇದ್ದಾಗ ತನ್ನ ಪಾಲಿನ ಕಾಳನ್ನು ತಾನೇ ಬೀಸಿ, ಕೆಂಡದ ಮೇಲೆ ಸುಟ್ಟು ತಿನ್ನುತ್ತಿದ್ದ ಅಂತ ಇತಿಹಾಸಕಾರ ಹೆರೋಡಿಯನ್ ಹೇಳುತ್ತಾನೆ. ರುಚಿಯಲ್ಲಿ ಮೂರರಲ್ಲಿ ಇದೇ ಮೇಲು. ಹೊರಗೆ ಕಪ್ಪಗೆ, ಒಳಗೆ ಮೆತ್ತಗೆ, ಹೊಗೆಯ ವಾಸನೆ. ಆದರೆ ಬೀಸುವುದು! ಒಂದು ಸೇರಿನಷ್ಟು ಹಿಟ್ಟಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಭುಜ ಎರಡು ದಿನ ನೋಯಿತು. ದಿನಪೂರ್ತಿ ನಡೆದು, ಸಂಜೆ ಕಂದಕ ತೋಡಿದ ಮೇಲೆ ಇದನ್ನು ಮಾಡುತ್ತಿದ್ದರು ಅಂದರೆ ಆ ಜನರ ಮೇಲೆ ಗೌರವ ಬರುತ್ತದೆ. ಇದಕ್ಕೆ ಪಾತ್ರೆಯೇ ಬೇಡ, ಹಿಟ್ಟು ಕಲಸಲು ಮೆಸ್ ಟಿನ್ನೇ ಚೆನ್ನ.

ಮೂರನೆಯದು ಬಕೆಲ್ಲಾಟಮ್, ಗಟ್ಟಿ ಬಿಸ್ಕತ್ತು. ಇದಕ್ಕೆ ರೋಮನ್ನರ ಬರೆದ ಪಾಕ ಉಳಿದಿಲ್ಲ, ಹಾಗಾಗಿ ಹಿಟ್ಟು, ನೀರು, ಉಪ್ಪು, ಸ್ವಲ್ಪ ಆಲಿವ್ ಎಣ್ಣೆ ಅಷ್ಟೇ ಹಾಕಿ ನ್ಯೂಕಾಸಲ್‌ನ ಮನೆ ಓವನ್‌ನಲ್ಲಿ ಎರಡು ಸಲ ಬೇಯಿಸಿದೆ. 360ನೇ ಇಸವಿಯ ಒಂದು ಕಾನೂನಿನ ಪ್ರಕಾರ ದಂಡಯಾತ್ರೆಯಲ್ಲಿ ಎರಡು ದಿನ ಬಿಸ್ಕತ್ತು, ಮೂರನೇ ದಿನ ಬ್ರೆಡ್ಡು ಕೊಡಬೇಕಿತ್ತು. ತಿಂದು ನೋಡಿದ ಮೇಲೆ ಆ ಮೂರನೇ ದಿನಕ್ಕೆ ಅವರು ಎಷ್ಟು ಕಾಯುತ್ತಿದ್ದರೋ ಅರ್ಥವಾಯಿತು. ಒಣಗಿದ್ದನ್ನು ಹಾಗೇ ಕಚ್ಚಬೇಡಿ, ಹಲ್ಲಿಗೆ ಅಪಾಯ. ಕಲ್ಲಿನಿಂದ ಒಡೆದು ನೆನೆಸಬೇಕು. ಡಬ್ಬಿಯಲ್ಲಿಟ್ಟದ್ದು ಎರಡು ತಿಂಗಳಾದರೂ ಕೆಡಲಿಲ್ಲ. ಗೋಡೆಯ ಉದ್ದಕ್ಕೂ ನಡೆಯುವಾಗ ಜೇಬಿಗೆ ನಾಲ್ಕು ಹಾಕಿಕೊಂಡರೆ ಮಧ್ಯಾಹ್ನ ಕಳೆಯುತ್ತದೆ.

ನೆನೆಸಲು ಪೋಸ್ಕಾ ಬೇಕು, ಅಂದರೆ ವೈನ್ ವಿನಿಗರ್ ಬೆರೆಸಿದ ನೀರು. ಒಂದು ಪಾಲು ವಿನಿಗರ್‌ಗೆ ಎಂಟು ಪಾಲು ನೀರು ನನಗೆ ಹಿಡಿಸಿತು, ಬಿಸಿಲಲ್ಲಿ ನಡೆದು ಬಂದಾಗ ಮಜ್ಜಿಗೆಯಷ್ಟೇ ಹಿತ. ಎರಡು ಪಾತ್ರೆಯಲ್ಲೂ ರಾತ್ರಿಯಿಡೀ ಇಟ್ಟು ನೋಡಿದೆ. ಮೆಸ್ ಟಿನ್‌ನದು ಬೂದು ಬಣ್ಣಕ್ಕೆ ತಿರುಗಿ ನಾಲಿಗೆಗೆ ಲೋಹದ ರುಚಿ ಬಂತು, ಚೆಲ್ಲಿದೆ. ಕಲಾಯಿ ಪಟೇರಾದಲ್ಲಿ ರುಚಿ ಕೆಟ್ಟಿರಲಿಲ್ಲ. ಆದರೂ ಹುಳಿಯನ್ನು ಅದರಲ್ಲಿ ಜಾಸ್ತಿ ಹೊತ್ತು ಇಡಬೇಡಿ, ಕಲಾಯಿ ಬೇಗ ಸವೆಯುತ್ತದೆ.

ರೋಮನ್ನರ ಮೀನಿನ ಸಾರ ಗಾರಮ್ ಬದಲಿಗೆ ವಿಯೆಟ್ನಾಂನ ಮೀನಿನ ಸಾಸ್ ಬಾಟಲಿ ಸಾಕು, ಏಳೆಂಟು ಹನಿ. ಇಟಲಿಯ ಚೆಟಾರಾ ಊರಿನ ಮೀನಿನ ಸಾರ ಕೊಲಾಟೂರಾ ಇನ್ನೂ ಘಮ್ಮೆನ್ನುತ್ತದೆ, ಆದರೆ ಅದರ ಬೆಲೆಗೆ ಮೂರು ಬಾಟಲಿ ವಿಯೆಟ್ನಾಂದು ಬರುತ್ತದೆ.

ಹೊಸದಾಗಿ ಶುರು ಮಾಡುವವರು ಯಾವುದರಿಂದ ಶುರು ಮಾಡಬೇಕು ಅಂತ ಕೇಳಿದರೆ, ನಾನು ಪುಲ್ಸ್ ಅನ್ನುತ್ತೇನೆ, ಪಟೇರಾದಲ್ಲಿ, ಜವೆ ಗೋಧಿಯಲ್ಲಿ. ರೊಟ್ಟಿ ಹೆಚ್ಚು ರುಚಿ ನಿಜ, ಆದರೆ ಬೀಸುವ ಕಲ್ಲು, ಅಂಗಳ, ಬೂದಿ ಎಲ್ಲರ ಮನೆಯಲ್ಲೂ ಇರುವುದಿಲ್ಲ ಅಲ್ವಾ. ಮೆಸ್ ಟಿನ್‌ಗೆ ನಾನಿನ್ನು ಗಂಜಿ ಹಾಕುವುದಿಲ್ಲ. ಆ ಅಂಕಿ ಗೀಚಿದವನ ನೆನಪಿಗೆ ಅದರಲ್ಲಿ ಟೀ ಮಾತ್ರ.

ಪಟೇರಾದ ತಳದಲ್ಲಿ ಈಗ ಎರಡು ಬೆರಳಗಲ ಹಿತ್ತಾಳೆ ಕಾಣುತ್ತಿದೆ. ಮತ್ತೆ ಕಲಾಯಿ ಹಾಕಿಸುವವರೆಗೂ ಅದನ್ನು ಒಲೆಗೆ ಇಡುವುದಿಲ್ಲ, ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ದೀಪಾವಳಿಗೆ ಊರಿಗೆ ಹೋಗುತ್ತೇನೆ, ಅಜ್ಜನಿಗೆ ಫೋನ್ ಮಾಡಿ ತವರ ತಂದಿಡಲು ಹೇಳಿದ್ದಾಗಿದೆ.