ಪೂಲ್ ನೀರು ಬೆಚ್ಚಗಿಡೋಕೆ ಗಾಜಿನ ತಾಮ್ರದ ಪ್ಯಾನೆಲ್ಲಾ, ಕರಿ ಪ್ಲಾಸ್ಟಿಕ್ ಚಾಪೇನಾ? ಎರಡೂ ಇಟ್ಕೊಂಡು ನೋಡಿದ್ದು

ನಮ್ಮ ತೋಟ ಇರೋದು ಕೃಷ್ಣಗಿರಿ ಜಿಲ್ಲೇಲಿ, ಹೊಸೂರಿಂದ ತಳಿ ಕಡೆ ಬರೋ ದಾರೀಲಿ. ಬೋರ್ಡೆಲ್ಲಾ ತಮಿಳು, ಹಳ್ಳೀಲಿ ಮಾತು ಕನ್ನಡ. ತೋಟದ ಮನೇನ ವೀಕೆಂಡಿಗೆ ಬಾಡಿಗೆಗೆ ಬಿಡ್ತೀವಿ, ಬರೋರು ಮುಕ್ಕಾಲು ಪಾಲು ಬೆಂಗಳೂರಿನೋರು, ಫೋನ್ ಮಾಡಿದ್ರೆ ಮೊದಲು ಕೇಳೋದೇ ಪೂಲ್ ನೀರು ಬೆಚ್ಚಗಿರುತ್ತಾ ಅಂತ. ರಾಗಿ ಕೊಯ್ಲಿನ ಟೈಮಲ್ಲಿ ಇಲ್ಲಿ ಬೆಳಗಿನ ಜಾವ ಎದುರಿಗಿರೋ ಮರ ಕಾಣಲ್ಲ ಅಷ್ಟು ಮಂಜು, ಏನೂ ಮಾಡ್ದೆ ಬಿಟ್ರೆ ನೀರು 20-21 ಡಿಗ್ರಿಗೆ ಇಳಿಯುತ್ತೆ, ಮಕ್ಕಳು ಒಂದ್ಸಲ ಕಾಲಿಟ್ಟು ವಾಪಸ್ ಓಡ್ತವೆ. 27 ಇದ್ರೆ ಊಟಕ್ಕೆ ಕರೆದ್ರೂ ಹೊರಗೆ ಬರಲ್ಲ.

ಪೂಲ್ ದೊಡ್ಡದೇನಲ್ಲ. 8 ಮೀಟರ್ ಉದ್ದ, 4 ಮೀಟರ್ ಅಗಲ, ಆಳ ಸರಾಸರಿ 1.2 ಮೀಟರ್, ಅಂದ್ರೆ 38 ಸಾವಿರ ಲೀಟರ್ ಚಿಲ್ರೆ. ಇಷ್ಟು ನೀರನ್ನ ಒಂದೇ ಒಂದು ಡಿಗ್ರಿ ಏರಿಸೋಕೆ ಸುಮಾರು 45 ಯೂನಿಟ್ ಕರೆಂಟಿನಷ್ಟು ಶಾಖ ಬೇಕು, ಹಂಗಾಗಿ ಹೀಟರ್ ಕಾಯಿಲ್ ಹಾಕೋ ಮಾತೇ ಇಲ್ಲ, ಸೋಲಾರೇ ಗತಿ.

ಮೊದಲು ಹಾಕ್ಸಿದ್ದು ಸ್ನಾನದ ನೀರಿಗೆ ಮನೆ ಮೇಲೆ ಇಡ್ತಾರಲ್ಲ, ಅದೇ ಗಾಜು ಮುಚ್ಚಿದ ತಾಮ್ರದ ಫ್ಲಾಟ್ ಪ್ಲೇಟ್, 2 ಚದರ ಮೀಟರಿನವು ಎಂಟು. ಹಾಕಿದೋರು ಮಧ್ಯೆ ಹೀಟ್ ಎಕ್ಸ್‌ಚೇಂಜರ್ (ಎರಡು ನೀರು ಬೆರೀದೆ ಶಾಖ ಮಾತ್ರ ದಾಟಿಸೋ ಸಾಧನ) ಇಡದೆ ಕ್ಲೋರಿನ್ ಹಾಕಿದ ಪೂಲ್ ನೀರನ್ನೇ ಸೀದಾ ತಾಮ್ರದ ಕೊಳವೆಗೆ ಬಿಟ್ರು. ಮೊದಲ ವರ್ಷ ಚೆನ್ನಾಗೇ ಓಡ್ತು. ಎರಡನೇ ಚಳಿಗಾಲಕ್ಕೆ ಪೂಲಿನ ಮೆಟ್ಟಿಲ ಮೇಲೆ ನೀಲಿ ಹಸಿರು ಕಲೆ, ಉಜ್ಜಿದ್ರೂ ಹೋಗಲ್ಲ, ಪಾಚಿ ಅಂದ್ಕೊಂಡು ನಾನು ಇನ್ನೂ ಕ್ಲೋರಿನ್ ಸುರಿದೆ, ಕಲೆ ಇನ್ನೂ ಜಾಸ್ತಿ ಆಯ್ತು. ಆಮೇಲೆ ಗೊತ್ತಾಗಿದ್ದು ಅದು ಪಾಚಿ ಅಲ್ಲ, ಕೊಳವೆಯ ತಾಮ್ರಾನೇ ಕರಗಿ ಬರ್ತಿದೆ ಅಂತ. ನಾವು ಕ್ಲೋರಿನ್ ಬಿಲ್ಲೆಗಳನ್ನ ಸ್ಕಿಮ್ಮರ್ ಬುಟ್ಟೀಲಿ, ಅಂದ್ರೆ ಪಂಪಿಗೆ ನೀರು ಹೋಗೋ ಬಾಯಲ್ಲಿ ಕಸ ಹಿಡಿಯೋ ಬುಟ್ಟೀಲಿ, ಇಡ್ತಿದ್ವಿ. ಆ ಟ್ರೈಕ್ಲೋರ್ ಬಿಲ್ಲೆ ಕರಗಿದ ನೀರು ಒಳ್ಳೇ ಆಸಿಡ್ ಇದ್ದಂಗೆ, ರಾತ್ರಿಯೆಲ್ಲಾ ಅಲ್ಲೇ ನಿಂತು ಬೆಳಿಗ್ಗೆ ಪಂಪ್ ಹಾಕಿದ ತಕ್ಷಣ ಸೀದಾ ತಾಮ್ರಕ್ಕೆ ಹೋಗುತ್ತೆ. ತಾಮ್ರ ಇಟ್ಕೊಂಡಿರೋರು ಯಾರಾದ್ರೂ ಓದ್ತಿದ್ರೆ ದಯವಿಟ್ಟು ಬಿಲ್ಲೇನ ಸ್ಕಿಮ್ಮರಿಂದ ಇವತ್ತೇ ತೆಗೀರಿ, ತೇಲೋ ಡಬ್ಬೀಲಿ ಹಾಕಿ ಬಿಡಿ, ಪಿಎಚ್ 7.2ಕ್ಕಿಂತ ಕೆಳಗೆ ಹೋಗೋಕೆ ಬಿಡಬೇಡಿ.

ಇನ್ನೊಂದು ಕಷ್ಟ ಬೋರ್‌ವೆಲ್ ನೀರಿಂದು. ನಮ್ಮ ಕಡೆ ನೀರು ಗಡಸು, ಬಿಸಿ ಏರಿದಷ್ಟೂ ಸುಣ್ಣ ಕಟ್ಟೋದು ಜಾಸ್ತಿ, ಗಾಜಿನ ಪ್ಯಾನೆಲಲ್ಲಿ ಮಧ್ಯಾಹ್ನ ಕರೆಂಟ್ ಹೋಗಿ ಪಂಪ್ ನಿಂತ್ರೆ ಒಳಗಿನ ನೀರು ಕುದಿಯೋ ಮಟ್ಟಕ್ಕೆ ಹೋಗುತ್ತೆ, ಆಗ ಕೊಳವೆ ಒಳಗೆ ಬಿಳಿ ಪದರ ಕೂತ್ಕೊಳುತ್ತೆ, ಗ್ಯಾಸ್ಕೆಟ್ಟೂ ಬೆಂದು ಗಟ್ಟಿಯಾಗುತ್ತೆ. ವರ್ಷಕ್ಕೊಂದ್ಸಲ ಆಸಿಡ್ ಬೆರೆಸಿದ ನೀರು ಓಡಿಸಿ ಕ್ಲೀನ್ ಮಾಡಿಸ್ತಿದ್ದೆ, ಮೂರನೇ ಸಲಕ್ಕೆ ಒಂದು ಪ್ಯಾನೆಲಲ್ಲಿ ಸೂಜಿ ಚುಚ್ಚಿದಂಗೆ ತೂತು ಬಿತ್ತು. ಗಾಜು ತೊಳೆಯೋದು ಮಾತ್ರ ಸುಲಭ, ಬಿಸಿಲು ಬೀಳೋ ಮುಂಚೆ ತೊಳೀಬೇಕು ಅಷ್ಟೆ, ಕಾದ ಗಾಜಿಗೆ ತಣ್ಣೀರು ಸುರಿದ್ರೆ ಸೀಳುತ್ತೆ.

ಆಮೇಲೆ ಹಾಕಿದ್ದು ಕರಿ ಪಾಲಿಪ್ರೊಪಿಲೀನ್ ಪ್ಯಾನೆಲ್. ನೋಡೋಕೆ ಚಾಪೆ ಹಾಸಿದಂಗಿರುತ್ತೆ, ಗಾಜಿಲ್ಲ, ತಾಮ್ರ ಇಲ್ಲ, ಸಣ್ಣ ಸಣ್ಣ ಕೊಳವೆಗಳ ಸಾಲು. ದನದ ಕೊಟ್ಟಿಗೆ ಶೀಟಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ 24 ಚದರ ಮೀಟರ್ ಹಾಸಿದ್ವಿ, ಪೂಲಿನ ಮೇಲ್ಮೈಯ ಮುಕ್ಕಾಲು ಪಾಲು. ಖರ್ಚು ತಾಮ್ರದ್ದಕ್ಕೆ ಅರ್ಧಾನೂ ಆಗ್ಲಿಲ್ಲ. ಗಾಜಿಲ್ದೆ ಹೆಂಗೆ ಬಿಸಿ ನಿಲ್ಲುತ್ತೆ ಅಂತ ನಂಗೂ ಅನುಮಾನ ಇತ್ತು, ಆದ್ರೆ ಪೂಲಿಗೆ ಬೇಕಾಗಿರೋದು 27 ಡಿಗ್ರಿ, ಹಗಲಲ್ಲಿ ಗಾಳೀನೇ ಅಷ್ಟು ಇರುತ್ತೆ, ಹೊರಗೆ ಸೋರಿ ಹೋಗೋ ಶಾಖಾನೇ ಕಮ್ಮಿ, ಗಾಜು ಯಾಕೆ ಬೇಕು? ಸ್ನಾನಕ್ಕೆ 60 ಡಿಗ್ರಿ ಬೇಕು ಅಂದ್ರೆ ಆ ಕಥೆ ಬೇರೆ.

ಹಾಕಿದ ವಾರ ನಮ್ಮಲ್ಲಿ ಪೂಲ್ ನೋಡ್ಕೊಳ್ಳೋ ಹುಡುಗ ಪೈಪ್ ಮುಟ್ಟಿ ನೋಡಿ “ಅಣ್ಣಾ, ಇದು ಬಿಸೀನೇ ಆಗ್ತಿಲ್ವಲ್ಲ, ಮೋಸ ಹೋದ್ವಾ?” ಅಂದ. ವಾಪಸ್ ಬರೋ ನೀರು ಹೋಗೋ ನೀರಿಗಿಂತ 3-4 ಡಿಗ್ರಿ ಮಾತ್ರ ಜಾಸ್ತಿ ಇರುತ್ತೆ, ಇರಬೇಕಾಗಿದ್ದೂ ಅಷ್ಟೇ, ನೀರು ಜೋರಾಗಿ ಓಡ್ತಿರೋದ್ರಿಂದ ಸಂಜೆ ಹೊತ್ತಿಗೆ ಲೆಕ್ಕ ಸರಿಹೋಗುತ್ತೆ. ಈಗ ಅದೇ ಹುಡುಗ ಭಾನುವಾರ ಮಧ್ಯಾಹ್ನ ಏಣಿ ಹಾಕಿ ಹತ್ತಿ ಪ್ಯಾನೆಲ್ ಮೇಲೆ ಉದ್ದಕ್ಕೂ ಅಂಗೈ ಆಡಿಸ್ಕೊಂಡು ಬರ್ತಾನೆ. ಪಂಪ್ ಓಡುವಾಗ ಚಾಪೆ ತಣ್ಣಗಿರಬೇಕು, ಎಲ್ಲಾದ್ರೂ ಒಂದು ಪಟ್ಟಿ ಚುರ್ ಅಂದ್ರೆ ಅಲ್ಲಿ ನೀರು ಹೋಗ್ತಿಲ್ಲ ಅಂತ ಅರ್ಥ, ಒಂದೋ ಗಾಳಿ ಸೇರಿದೆ, ಇಲ್ಲಾ ಕಸ. ಇದಕ್ಕಿಂತ ಒಳ್ಳೇ ಮೀಟರ್ ನಾನು ನೋಡಿಲ್ಲ.

ಚಾಪೇಲೂ ತೊಂದ್ರೆ ಇದೆ, ಇಲ್ಲ ಅನ್ನಲ್ಲ. ಬಿಸಿಲಿಗೆ ಚಾಪೆ ಬಿಗಿದಿರೋ ಪಟ್ಟಿ ಸಡಿಲ ಆಗುತ್ತೆ, ಚಾಪೆ ಗಾಳಿಗೆ ಪಟಪಟ ಹೊಡ್ಕೊಂಡ್ರೆ ಹೆಡರ್ (ಸಣ್ಣ ಕೊಳವೆಗಳೆಲ್ಲಾ ಸೇರೋ ದಪ್ಪ ಪೈಪ್) ಹತ್ರ ಬಿರುಕು ಬಿಡುತ್ತೆ, ಜಾಯಿಂಟಿನ ಓ ರಿಂಗ್ ಒಣಗಿ ತೊಟ್ಟಿಕ್ಕುತ್ತೆ, ಕೋತಿಗಳು ಬಂದು ಎಳೀತವೆ. ಎಲ್ಲಕ್ಕಿಂತ ಮುಖ್ಯ ಮೇಲ್ತುದೀಲಿರೋ ವ್ಯಾಕ್ಯೂಮ್ ವಾಲ್ವ್. ಪಂಪ್ ನಿಂತಾಗ ನೀರು ಕೆಳಗಿಳಿಯುತ್ತೆ, ಆಗ ಇದು ಗಾಳಿ ಒಳಗೆ ಬಿಡಬೇಕು. ಒಂದು ಸಲ ಅದರ ಬಾಯಿಗೆ ಕಡಜ ಮಣ್ಣಲ್ಲಿ ಗೂಡು ಕಟ್ಟಿಬಿಟ್ಟಿತ್ತು, ಗಾಳಿ ಹೋಗ್ದೆ ಒಂದು ಚಾಪೆ ಒಳಕ್ಕೆ ಎಳ್ಕೊಂಡು ಸೊಟ್ಟಗಾಗಿತ್ತು. ಇನ್ನೊಂದು ಸಲ ಅದೇ ವಾಲ್ವ್ ಮುಚ್ಕೊಳ್ದೆ ಪೂಲಿನ ನಳದಿಂದ ದಿನವೆಲ್ಲಾ ಬುಳುಬುಳು ಗುಳ್ಳೆ. ಈಗ ತಿಂಗಳಿಗೊಂದ್ಸಲ ಬಿಚ್ಚಿ ಊದಿ ನೋಡ್ತೀವಿ.

ಒಂದು ಪೂರಾ ಚಳಿಗಾಲ ತಾಮ್ರದ್ದನ್ನೂ ಬಿಡದೆ ಒಂದಿನ ಅದು ಒಂದಿನ ಇದು ಅಂತ ವಾಲ್ವ್ ತಿರುಗಿಸಿ ಬರೆದಿಟ್ಟೆ. ಒಳ್ಳೇ ಬಿಸಿಲಿದ್ದ ದಿನ ಚಾಪೆ ಒಂದೂವರೆ ಡಿಗ್ರಿ ಏರಿಸ್ತು, ತಾಮ್ರ ಒಂದು. ಜಾಗದ ಲೆಕ್ಕಕ್ಕೆ ಎರಡೂ ಹತ್ರತ್ರ ಒಂದೇ, ಚಾಪೆ ಅಗ್ಗ ಅಂತ ಜಾಸ್ತಿ ಹಾಸೋಕಾಯ್ತು ಅಷ್ಟೆ. ಮೋಡ ಮುಸುಕಿ ಗಾಳಿ ಬೀಸೋ ದಿನ ಮಾತ್ರ ಗಾಜೇ ಗೆದ್ದಿದ್ದು, ಗಾಳಿ ಚಾಪೆಯ ಶಾಖಾನ ಬಾಚ್ಕೊಂಡು ಹೋಗುತ್ತೆ. ಊಟಿ ಥರ ಚಳಿಗೆ ಇಬ್ಬನಿ ಹೆಪ್ಪುಗಟ್ಟೋ ಊರಲ್ಲಿ ಕೇಳಿದ್ರೆ ಗಾಜೇ ಹಾಕಿ ಅಂತೀನಿ, ಹೀಟ್ ಎಕ್ಸ್‌ಚೇಂಜರ್ ಇಟ್ಟು.

ಆದ್ರೆ ಬರೆದಿಟ್ಟ ಪುಸ್ತಕ ತಿರುವಿದಾಗ ನಂಗೆ ಕಂಡಿದ್ದು ಬೇರೇನೇ. ಎರಡೂ ಹಗಲೆಲ್ಲಾ ಕಷ್ಟಪಟ್ಟು ಏರಿಸಿದ್ದನ್ನ ರಾತ್ರಿ ಪೂಲ್ ಬಿಟ್ಟುಕೊಡ್ತಿತ್ತು. ತೆರೆದ ಪೂಲಲ್ಲಿ ಶಾಖ ಹೋಗೋದು ಬಹುಪಾಲು ನೀರು ಆವಿಯಾಗಿ, ನಮ್ಮ ಪೂಲಲ್ಲಿ ಒಂದು ಮಿಲಿಮೀಟರ್ ಆರಿದ್ರೂ 32 ಲೀಟರ್, ಅದ್ರ ಜೊತೆ ಅರ್ಧ ಡಿಗ್ರಿ ಹೋಯ್ತು. ಸೋರ್ತಿದೆಯೇನೋ ಅಂತ ಮೆಟ್ಟಿಲ ಮೇಲೆ ಬಕೆಟಲ್ಲಿ ನೀರಿಟ್ಟು ಎರಡಕ್ಕೂ ಗುರುತು ಹಾಕಿ ನೋಡಿದೆ, ಎರಡೂ ಸಮನಾಗಿ ಇಳಿದಿತ್ತು, ಸೋರಿಕೆ ಅಲ್ಲ, ಆರ್ತಿರೋದೇ. ಒಂದು ಕಡೆ ಗಾಳಿ ಗುಳ್ಳೆ ಇರೋ ಪ್ಲಾಸ್ಟಿಕ್ ಕವರ್ ತಂದು ಗುಳ್ಳೆ ಕೆಳಗೆ ಬರೋ ಹಂಗೆ ಹೊದಿಸಿದ ಮೇಲೆ ರಾತ್ರಿ ಎರಡು ಡಿಗ್ರಿ ಬೀಳ್ತಿದ್ದದ್ದು ಒಂದಕ್ಕಿಂತ ಕಮ್ಮಿಗೆ ಬಂತು. ಕವರನ್ನ ಸುತ್ತಿ ಬಿಸಿಲಲ್ಲಿ ಬಿಡಬಾರದು, ಪದರದ ಮಧ್ಯೆ ಬೆಂದು ಗುಳ್ಳೆ ಉದುರುತ್ತೆ, ಮೊದಲನೇದು ನಾವು ಹಂಗೇ ಕಳ್ಕೊಂಡಿದ್ದು. ಕ್ಲೋರಿನ್ ಜಾಸ್ತಿ ಹಾಕಿದ ರಾತ್ರಿ ಹೊದಿಸಲ್ಲ.

ತಾಮ್ರದ ಪ್ಯಾನೆಲಲ್ಲಿ ಚೆನ್ನಾಗಿರೋ ನಾಲ್ಕನ್ನ ಸ್ನಾನದ ನೀರಿನ ಟ್ಯಾಂಕಿಗೆ ಸೇರಿಸಿದ್ವಿ, ಅಲ್ಲಿ ಕ್ಲೋರಿನ್ ಕಾಟ ಇಲ್ಲ, ಚೆನ್ನಾಗಿ ಓಡ್ತಿವೆ. ಪೂಲಿಗೆ ಈಗ ಚಾಪೆ ಮತ್ತೆ ಕವರ್ ಮಾತ್ರ. ಸಂಜೆ ಐದೂವರೆಗೆಲ್ಲಾ ಇಬ್ಬರು ಎರಡು ಮೂಲೆ ಹಿಡಿದು ಎಳೆದು ಹೊದಿಸಿಬಿಡ್ತೀವಿ. ಜವಳಗಿರಿ ಕಾಡಿಂದ ಆನೆಗಳು ರಾಗಿಗೆ ಇಳಿಯೋ ಕಾಲ, ಕತ್ತಲಾದ ಮೇಲೆ ಆ ಕಡೆ ಯಾರೂ ಹೋಗಲ್ಲ.