ಶಿರಸಿಯ ಒಂದು ನರ್ಸರಿ: ಗಿಡ ಚೆನ್ನ, ಚೀಟಿಯಲ್ಲಿ ಗೊಂದಲ

ಕಳೆದ ಮಳೆಗಾಲದ ಆರಂಭದಲ್ಲಿ ಶಿರಸಿಯ ಹೊರವಲಯದ ನರ್ಸರಿಯೊಂದರಿಂದ ಹುಳಿ ಹಣ್ಣಿನ ಮರಗಳಾದ ಮುರುಗಲು ಮತ್ತು ಉಪ್ಪಾಗೆಯ ಸಸಿಗಳನ್ನು ತಂದೆನು. ಪ್ರತಿ ಸಸಿಗೂ ಊರಿನ ಹೆಸರಿನೊಂದಿಗೆ ವೈಜ್ಞಾನಿಕ ಹೆಸರಿನ ಚೀಟಿಯನ್ನೂ ಕಟ್ಟಿರುವುದು ಮೆಚ್ಚತಕ್ಕ ಸಂಗತಿ. ಘಟ್ಟದ ಮೇಲಿನ ಮುರುಗಲು ಕರಾವಳಿಯಲ್ಲಿ ಕೋಕಂ, ಬಿರಿಂಡ ಎಂದಾಗುತ್ತದೆಯಾದರೂ, ಗಾರ್ಸೀನಿಯ ಇಂಡಿಕ ಎಂಬ ಹೆಸರು ಎಲ್ಲೆಡೆಯೂ ಅದೊಂದೇ ಮರವನ್ನು ಸೂಚಿಸುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಸಸ್ಯಗಳಿಗೆ ವ್ಯವಸ್ಥಿತವಾಗಿ ಬಳಸಿದ ಈ ದ್ವಿನಾಮ ಪದ್ಧತಿಯಲ್ಲಿ ಮೊದಲ ಪದ ಕುಲವನ್ನೂ (ಹತ್ತಿರದ ಪ್ರಭೇದಗಳ ಗುಂಪು) ಎರಡನೆಯದು ಪ್ರಭೇದವನ್ನೂ ಹೇಳುವುದರಿಂದ, ಮುರುಗಲು ಮತ್ತು ಉಪ್ಪಾಗೆ ಹತ್ತಿರದ ಸಂಬಂಧಿಗಳೆಂದು ಚೀಟಿ ನೋಡಿದೊಡನೆಯೇ ತಿಳಿಯುತ್ತದೆ.

ಆದರೆ ಉಪ್ಪಾಗೆಯ ಒಂದು ಸಾಲಿಗೆ ಗಾರ್ಸೀನಿಯ ಗಮ್ಮಿ-ಗಟ್ಟ ಎಂದೂ, ಪಕ್ಕದ ಸಾಲಿಗೆ ಗಾರ್ಸೀನಿಯ ಕಾಂಬೋಜಿಯ ಎಂದೂ ಬರೆದು, ಎರಡನೆಯದನ್ನು ಬೇರೆ ಜಾತಿಯೆಂದು ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಕಾಂಬೋಜಿಯ ಎಂಬುದು ಅದೇ ಮರಕ್ಕೆ ಹಿಂದೆ ಬಳಕೆಯಲ್ಲಿದ್ದ, ಈಗ ಮಾನ್ಯವಲ್ಲದ ಹೆಸರು. ಒಂದೇ ಪ್ರಭೇದಕ್ಕೆ ಹಲವು ಹೆಸರುಗಳು ಬಿದ್ದಾಗ, ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದಕ್ಕೇ ನಾಮಕರಣದ ನಿಯಮಗಳು ಮಾನ್ಯತೆ ಕೊಡುತ್ತವೆ. ತಿಳಿಸಿದಾಗ ಮಾಲೀಕರು ಬೇಸರಿಸದೆ ಚೀಟಿಯನ್ನು ಬದಲಿಸಿದರು (ಬೆಲೆಯನ್ನಲ್ಲ).

ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆಯಾದ್ದರಿಂದ ಹಣ್ಣು ಬೇಕೆನ್ನುವವರು ಹೆಣ್ಣು ಮರದಿಂದ ಕಟ್ಟಿದ ಕಸಿ ಗಿಡವನ್ನೇ ಕೇಳಿ ಪಡೆಯಬೇಕು. ಅವು ಇಲ್ಲಿ ಜೂನ್ ಮುಗಿಯುವುದರೊಳಗೆ ಖಾಲಿಯಾಗುತ್ತವೆ.