ಎನ್‌ಪಿಐ-300 ಪ್ಯುಪಿಲೋಮೀಟರ್: ಗುಂಡೇಟಿನ ರೋಗಿಯ ಪಾಪೆ ಅಳೆಯಲು ಎಷ್ಟು ನಂಬಬಹುದು?

ತಲೆಗೆ ಗುಂಡು ಬಿದ್ದು ಆಸ್ಪತ್ರೆಯವರೆಗೆ ಜೀವ ಹಿಡಿದುಕೊಂಡು ಬಂದವರು ಉಳಿಯುತ್ತಾರೆಯೇ ಎಂದು ಅಂದಾಜಿಸುವಾಗ ಎರಡು ಲಕ್ಷಣಗಳಿಗೆ ತೂಕ ಹೆಚ್ಚು: ನೋವು ಕೊಟ್ಟರೆ ಕೈಕಾಲು ಹೇಗೆ ಆಡುತ್ತವೆ, ಬೆಳಕು ಬಿಟ್ಟರೆ ಪಾಪೆ ಕುಗ್ಗುತ್ತದೆಯೇ. ಅಮೆರಿಕದ ಎರಡು ಟ್ರಾಮಾ ಕೇಂದ್ರಗಳ 413 ರೋಗಿಗಳ ದಾಖಲೆಯಿಂದ 2016ರಲ್ಲಿ ರೂಪಿಸಿದ, ಬದುಕುಳಿಯುವ ಸಾಧ್ಯತೆ ಅಂದಾಜಿಸುವ ಸ್ಪಿನ್ ಸ್ಕೋರ್‌ನಲ್ಲೂ ಇವೆರಡೂ ಇವೆ. ನ್ಯೂರಾಪ್ಟಿಕ್ಸ್ ಕಂಪನಿಯ ಈ ಕೈಯಂತ್ರ ಎರಡನೆಯ ಲಕ್ಷಣವನ್ನು ಅಂಕಿಯಲ್ಲಿ ಹೇಳುತ್ತದೆ.

ಬಳಕೆ ಸುಲಭ. ಆ ರೋಗಿಗೆಂದೇ ಇಟ್ಟ ಸ್ಮಾರ್ಟ್‌ಗಾರ್ಡ್ (ಮುಖಕ್ಕೆ ತಾಗುವ ಪ್ಲಾಸ್ಟಿಕ್ ಭಾಗ) ಸಿಕ್ಕಿಸಿ, ಯಂತ್ರವನ್ನು ಕಣ್ಣಿಗೆ ನೇರವಾಗಿ ಹಿಡಿದು, ಬಲ ಅಥವಾ ಎಡ ಗುಂಡಿ ಒತ್ತಿಹಿಡಿಯಬೇಕು. ತೆರೆಯಲ್ಲಿ ಪಾಪೆಯ ಸುತ್ತ ಹಸಿರು ವೃತ್ತ ಬಂದಾಗ ಬೆರಳು ತೆಗೆದು ಸುಮಾರು 3 ಸೆಕೆಂಡು ಅಲ್ಲಾಡದೆ ನಿಂತರೆ ಸಾಕು. ಪಾಪೆಯ ಪ್ರತಿಕ್ರಿಯೆ ಎಷ್ಟು ಚುರುಕು ಎಂದು ಹೇಳುವ ಎನ್‌ಪಿಐ ಅಂಕ 0ಯಿಂದ 5ರವರೆಗೆ. 3 ಅಥವಾ ಹೆಚ್ಚಿದ್ದರೆ ಸಹಜ, ಕಡಿಮೆಯಾದರೆ ಮಂದ, 0 ಎಂದರೆ ಪ್ರತಿಕ್ರಿಯೆ ಸಿಕ್ಕಿಲ್ಲ. ಎರಡು ಕಣ್ಣುಗಳ ನಡುವೆ 0.7 ವ್ಯತ್ಯಾಸ ಬಂದರೂ ಎಚ್ಚರಿಕೆ. ರೆಪ್ಪೆ ಬಡಿದರೆ ಮತ್ತೆ ಅಳೆಯಿರಿ.

ಯಂತ್ರದ ನಿಜವಾದ ಬಲ, ಪಾಪೆಯನ್ನು ಕುಗ್ಗಿಸುವ ನೋವುನಿವಾರಕ ಫೆಂಟನಿಲ್ ಕೊಟ್ಟ ರೋಗಿಯಲ್ಲಿ ಕಾಣುತ್ತದೆ. ಸಾಸಿವೆಯಷ್ಟಾದ ಪಾಪೆಯ ಸಣ್ಣ ಕುಗ್ಗುವಿಕೆ ಟಾರ್ಚ್ ಹಿಡಿದವರ ಕಣ್ಣಿಗೆ ಬೀಳುವುದೇ ಇಲ್ಲ, ಇದರ ಕ್ಯಾಮೆರಾಗೆ ಬೀಳುತ್ತದೆ. ಜೀವ ಉಳಿಯುವ ರೋಗಿಯ ಮೇಲೆ 'ಪಾಪೆ ಸ್ಥಿರ' ಎಂಬ ಷರಾ ಬೀಳದಂತೆ ತಡೆಯುವುದು ಚಿಕ್ಕ ಸಂಗತಿಯಲ್ಲ.

ಆದರೆ ಮೊದಲ 0 ಕಂಡ ಕೂಡಲೇ ಕೈಚೆಲ್ಲಬಾರದು. ಸಿಸ್ಟಾಲಿಕ್ ಒತ್ತಡ 90ಕ್ಕಿಂತ ಕೆಳಗಿದ್ದಾಗ, ಆಮ್ಲಜನಕ ಕುಸಿದಾಗ ಬಂದ 0, ರಕ್ತ ಮತ್ತು ಉಸಿರು ಸರಿಪಡಿಸಿದ ಮೇಲೆ ಏರಬಹುದು. ಹಾಗಾಗಿ ಅವನ್ನು ಸರಿಮಾಡಿ ಮತ್ತೆ ಅಳೆಯಲೇಬೇಕು. ಇನ್ನೊಂದು ಮೋಸ ಗುಂಡಿನ ದಾರಿಯದು. ಕಪಾಲದ ಒಂದು ಬದಿಯಿಂದ ಇನ್ನೊಂದಕ್ಕೆ, ಕಣ್ಣುಗುಳಿಗಳ ಮೂಲಕ ಹಾದ ಗುಂಡು ದೃಷ್ಟಿನರಗಳನ್ನೇ ಹರಿದಿದ್ದರೆ, ಮಿದುಳಿನ ಕಾಂಡಕ್ಕೆ ಪೆಟ್ಟಾಗದಿದ್ದರೂ ಎರಡೂ ಕಣ್ಣು 0 ತೋರಿಸುತ್ತವೆ. ಪಾಪೆ ಹಿಗ್ಗಿಸುವ ಹನಿ ಹಾಕಿದ್ದರೂ ಹೀಗೆಯೇ. ರೆಪ್ಪೆ ಊದಿ ತೆರೆಯಲಾಗದಿದ್ದರೆ ಯಂತ್ರದಿಂದ ಪ್ರಯೋಜನವಿಲ್ಲ; ಬಲವಂತ ಮಾಡಬೇಡಿ, ಒಳಗೆ ಕಣ್ಣುಗುಡ್ಡೆಯೇ ಒಡೆದಿರಬಹುದು.

ಗುಂಡು ಎಲ್ಲೆಲ್ಲಿ ಹೋಗಿದೆ ಎಂಬುದನ್ನು ಸಿಟಿ ಸ್ಕ್ಯಾನ್ ಮಾತ್ರ ಹೇಳಬಲ್ಲದು. ಮಿದುಳಿನ ಒಂದೇ ಹಾಲೆಯಲ್ಲಿ (ಭಾಗದಲ್ಲಿ) ನಿಂತ ಗಾಯಕ್ಕೂ ಮಧ್ಯರೇಖೆ ದಾಟಿ, ಒಳಗಿನ ದ್ರವ ತುಂಬಿದ ಕುಹರಗಳನ್ನು ಸೀಳಿದ ಗಾಯಕ್ಕೂ ಅಜಗಜಾಂತರ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ಹೇಳುವ ಐಎನ್‌ಆರ್ ಏರಿದೆಯೇ ಎಂದು ನೋಡಲು ರಕ್ತದ ಮಾದರಿ ಬೇಕು. ಗಾಯಗೊಂಡ ಮಿದುಳು ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನೇ ಕೆಡಿಸುತ್ತದೆ, ಐಎನ್‌ಆರ್ ಏರಿದಷ್ಟೂ ಬದುಕುವ ಸಾಧ್ಯತೆ ಇಳಿಯುತ್ತದೆ.

ಪ್ರತಿ ರೋಗಿಗೂ ಹೊಸ ಸ್ಮಾರ್ಟ್‌ಗಾರ್ಡ್ ಬೇಕಾದ್ದರಿಂದ ಖರ್ಚು ನಿಲ್ಲುವುದಿಲ್ಲ. ನರಶಸ್ತ್ರಚಿಕಿತ್ಸೆಯ ಐಸಿಯು ಇರುವಲ್ಲಿ ಖಂಡಿತ ಕೊಳ್ಳಬಹುದು. ರೋಗಿಯನ್ನು ಮುಂದಕ್ಕೆ ಕಳಿಸುವಷ್ಟೇ ಕೆಲಸವಿರುವ ತಾಲೂಕು ಆಸ್ಪತ್ರೆಗೆ ಒಳ್ಳೆಯ ಟಾರ್ಚ್ ಸಾಕು. ಐಸಿಯುನಲ್ಲಿ ಗಂಟೆಗೊಮ್ಮೆ ಅಳೆದು ಅಂಕಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. 4ರಲ್ಲಿದ್ದ ಕಣ್ಣು 2ಕ್ಕೆ ಜಾರಿದರೆ ತಕ್ಷಣ ಮತ್ತೊಮ್ಮೆ ಅಳೆದು, ಅದೇ ಬಂದರೆ ಸರ್ಜನ್‌ಗೆ ಕರೆಮಾಡಿ, ಸ್ಕ್ಯಾನ್‌ಗೆ ಹೊರಡಿಸಿ.